ಹಳೆಯದನ್ನು ಅರ್ಧಕ್ಕೆ ನಿಲ್ಲಿಸಿ ಹೊಸತು ತೋರಿಸಿದ್ದು ಯಾಕೆ?

ಮಾನ್ಯ ಸಂಪಾದಕರೇ,

ಭಾನುವಾರ ಮಡಿಕೇರಿಯಲ್ಲಿ ನಡೆದ ಸಿನಿಮಾ ಪ್ರದರ್ಶನದ ಬಗ್ಗೆ ನಿಮ್ಮ ವರದಿ ಓದಿದೆ. ‘ಎರಡೂ ಚಿತ್ರಗಳ ಪ್ರದರ್ಶನ ಯಶಸ್ವಿ’ ಎಂದು ತಲೆಬರಹ. ನಿಮ್ಮ ವರದಿಗಾರರು ಮುಖ್ಯ ಅತಿಥಿಗಳ ಭಾಷಣ ಮುಗಿದ ಕೂಡಲೇ ಹೊರಟಿರಬೇಕು. ಕೊನೆಯವರೆಗೆ ಕೂತವರಿಗೆ ಗೊತ್ತು, ನಮಗೆ ಕಂಡದ್ದು ಒಂದೂವರೆ ಸಿನಿಮಾ ಕೂಡ ಅಲ್ಲ.

ಮೊದಲು 1951ರ ‘ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’, ಆಮೇಲೆ 2008ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದ್ದು, ಕೊನೆಗೆ ಎರಡನ್ನೂ ಹೋಲಿಸಿ ಚರ್ಚೆ. ಕರಪತ್ರದಲ್ಲಿ ಹಾಗಿತ್ತು. ಅತಿಥಿಗಳು ಬರುವುದು ತಡವಾಯಿತು, ಭಾಷಣ ಉದ್ದವಾಯಿತು. ಅಂತೂ ಹಳೆಯದು ಶುರುವಾಯಿತು. ಬೇರೆ ಗ್ರಹದಿಂದ ಬಂದ ಕ್ಲಾಟು ಪ್ರೊಫೆಸರರ ಕಪ್ಪು ಹಲಗೆ ಮೇಲಿನ ಲೆಕ್ಕ ತಿದ್ದುತ್ತಿದ್ದ. ಕರೆಂಟ್ ಹೋಯಿತು. ಕಕ್ಕಡ ತಿಂಗಳ ಮಳೆ, ಹೋಗಲಿ ಬಿಡಿ. ಆದರೆ ಜನರೇಟರಿನಲ್ಲಿ ಡೀಸೆಲ್ ಇಲ್ಲ! ಮಳೆಗಾಲದಲ್ಲಿ, ಮಡಿಕೇರಿಯಲ್ಲಿ! ಹುಡುಗನೊಬ್ಬ ಕ್ಯಾನ್ ಹಿಡಿದು ಓಡಿದ. ಅವನು ಬಂದು ಮತ್ತೆ ಬೆಳಕಾದಾಗ ನೋಡಿದರೆ ಪರದೆ ಮೇಲೆ ಹೊಸ ಚಿತ್ರದ ಕ್ಲಾಟು, ನಟ ಕೀನು ರೀವ್ಸ್. ಎದ್ದು ಹೋಗಿ ವ್ಯವಸ್ಥಾಪಕರನ್ನು ಕೇಳಿದೆ. ‘ಟೈಮ್ ಇಲ್ಲ ಸಾರ್. ಕಥೆ ಒಂದೇ ಅಲ್ವಾ? ಇದು ಕಲರ್ ಬೇರೆ’ ಎಂದರು.

ಕಥೆ ಒಂದೇ ಅಲ್ಲ. ಅದನ್ನು ಅಲ್ಲೇ ಹೇಳೋಣ ಎಂದರೆ ಚರ್ಚೆಗೆ ಮೈಕ್ ಸಿಗಲಿಲ್ಲ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ರಾಬರ್ಟ್ ವೈಸ್ ನಿರ್ದೇಶಿಸಿದ ಹಳೆಯ ಚಿತ್ರ ಬಂದಾಗ ಹಿರೋಶಿಮಾ ಆಗಿ ಆರು ವರ್ಷ. ರಷ್ಯಾದ ಕೈಗೂ ಅಣುಬಾಂಬ್ ಬಂದಿತ್ತು. ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ಕ್ಲಾಟು ವಾಷಿಂಗ್ಟನ್ನಿನಲ್ಲಿ ಇಳಿದು ಕೇಳುವುದು ಒಂದೇ: ಎಲ್ಲ ದೇಶಗಳ ನಾಯಕರನ್ನು ಒಟ್ಟಿಗೆ ಕೂರಿಸಿ, ನನಗೆ ಮಾತಾಡಬೇಕು. ಅಷ್ಟೂ ಆಗುವುದಿಲ್ಲ. ಒಬ್ಬ ಮಾಸ್ಕೋದಲ್ಲಾದರೆ ಮಾತ್ರ ಬರುತ್ತೇನೆ ಎನ್ನುತ್ತಾನೆ, ಇನ್ನೊಬ್ಬನಿಗೆ ವಾಷಿಂಗ್ಟನ್ನೇ ಆಗಬೇಕು. ಇದು ಹಳೆಯ ಕಾಲದ ಕಥೆಯಂತೆ! ನಮ್ಮ ರಸ್ತೆ ಬದಿಯಲ್ಲಿ ಒಂದು ಒಣಮರ ಲೈನ್ ಮೇಲೆ ವಾಲಿಕೊಂಡಿದೆ. ಮರದ ಇಲಾಖೆ, ಕರೆಂಟಿನ ಇಲಾಖೆ, ರಸ್ತೆಯ ಇಲಾಖೆ ಮೂರೂ ಒಂದು ದಿನ ಒಟ್ಟಿಗೆ ಬಂದು ಅದರ ಕೆಳಗೆ ನಿಂತದ್ದಿಲ್ಲ. ಅರ್ಜಿ ಕೊಟ್ಟು ಕೊಟ್ಟು ನನ್ನ ಕೈಬರಹವೇ ಚೆನ್ನಾಗಾಯಿತು. ಮರ ಹಾಗೇ ಇದೆ.

ಕರೆಂಟ್ ವಿಷಯಕ್ಕೇ ಬರುತ್ತೇನೆ. ಹಳೆಯ ಚಿತ್ರದ ಜೀವ ಇರುವುದೇ ಅಲ್ಲಿ. ನಾಯಕರು ಸೇರುವುದಿಲ್ಲ ಎಂದು ಗೊತ್ತಾದ ಮೇಲೆ ಕ್ಲಾಟು ತನ್ನ ಶಕ್ತಿ ಏನೆಂದು ತೋರಿಸುತ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಇಡೀ ಭೂಮಿಯ ಯಂತ್ರಗಳನ್ನೆಲ್ಲ ಅರ್ಧ ಗಂಟೆ ನಿಲ್ಲಿಸುತ್ತಾನೆ. ಕಾರು, ರೈಲು, ಕಾರ್ಖಾನೆ ಎಲ್ಲ ಬಂದ್. ಅವನೂ ಹೆಲೆನ್ ಎಂಬ ಹೆಂಗಸೂ ಲಿಫ್ಟಿನಲ್ಲೇ ಸಿಕ್ಕಿಕೊಳ್ಳುತ್ತಾರೆ. ಆದರೆ ಆಸ್ಪತ್ರೆಗಳನ್ನು ಮುಟ್ಟುವುದಿಲ್ಲ. ಹಾರುತ್ತಿದ್ದ ವಿಮಾನಗಳನ್ನು ಮುಟ್ಟುವುದಿಲ್ಲ. ಯಾವತ್ತು, ಎಷ್ಟು ಹೊತ್ತಿಗೆ ಎಂದು ಪ್ರೊಫೆಸರಿಗೆ ಮೊದಲೇ ತಿಳಿಸಿರುತ್ತಾನೆ. ಹೇಳಿದ ಹೊತ್ತಿಗೆ ತೆಗೆಯುತ್ತಾನೆ, ಹೇಳಿದ ಹೊತ್ತಿಗೆ ವಾಪಸ್ ಕೊಡುತ್ತಾನೆ! ಕೊಡಗಿನಲ್ಲಿ ಹುಟ್ಟಿ ಬೆಳೆದ ನಾನು ಇಂಥ ಸೌಜನ್ಯ ಕಂಡದ್ದಿಲ್ಲ. ನಮ್ಮಲ್ಲಿ ಯಾವಾಗ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ, ಯಾವಾಗ ಬರುತ್ತದೆ ಎಂದು ಕೇಳಲು ಫೋನ್ ಮಾಡಿದರೆ ಎತ್ತುವುದಿಲ್ಲ. ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಸತ್ತು, ಫೋನ್ ಮಾಡುವ ಕಷ್ಟವೂ ತಪ್ಪುತ್ತದೆ. ಆ ಅರ್ಧ ಗಂಟೆಯನ್ನು ದೊಡ್ಡ ಪರದೆ ಮೇಲೆ ನೋಡಬೇಕೆಂದೇ ನಾನು ಬಂದದ್ದು. ಮಗಳ ಲ್ಯಾಪ್‌ಟಾಪಿನಲ್ಲಿ ಮೊದಲೇ ನೋಡಿದ್ದೆ. ಅದು ಬರುವ ಮೊದಲೇ ನಮ್ಮ ಕರೆಂಟಿನವರು ತಮ್ಮ ಪ್ರದರ್ಶನ ಕೊಟ್ಟರು.

ಹೊಸತರಲ್ಲಿ ಏನಿದೆ? ನಿರ್ದೇಶಕ ಸ್ಕಾಟ್ ಡೆರಿಕ್ಸನ್. ಬಾಂಬಿನ ಜಾಗಕ್ಕೆ ಪರಿಸರ ಬಂದಿದೆ. ಮನುಷ್ಯರಿಂದ ಭೂಮಿಯನ್ನು ಉಳಿಸಲು ಮನುಷ್ಯರನ್ನೇ ಮುಗಿಸುವುದು ಕ್ಲಾಟುವಿನ ಯೋಜನೆ. ಯೋಚನೆ ಕೆಟ್ಟದ್ದೇನಲ್ಲ. ಆದರೆ ಹಳೆಯ ಕ್ಲಾಟು ಬಾಡಿಗೆ ಕೋಣೆ ಹಿಡಿದು, ಆ ಮನೆಯಲ್ಲಿದ್ದ ಹುಡುಗನ ಜೊತೆ ಊರು ಸುತ್ತಿ, ಲಿಂಕನ್ ಸ್ಮಾರಕದ ಮುಂದೆ ನಿಂತು ಬರಹ ಓದಿ ನಮ್ಮನ್ನು ಅರ್ಥ ಮಾಡಿಕೊಳ್ಳುತ್ತಾನೆ. ಹೊಸಬನಿಗೆ ಅಷ್ಟು ವ್ಯವಧಾನವಿಲ್ಲ. ಒಂದಿಷ್ಟು ಬಾಖ್ ಸಂಗೀತ, ತಾಯಿ ಮಗನ ಒಂದಿಷ್ಟು ಕಣ್ಣೀರು, ಮನಸ್ಸು ಬದಲಾಯಿತು! ಹಳೆಯದರಲ್ಲಿ ಗೋರ್ಟ್ ಎಂಬ ರೋಬೋಟ್ ಸುಮ್ನೆ ನಿಂತೇ ಎದೆ ನಡುಗಿಸುತ್ತದೆ. ಅದರೊಳಗೆ ಇದ್ದದ್ದು ಲಾಕ್ ಮಾರ್ಟಿನ್ ಎಂಬ ಏಳಡಿ ದಾಟಿದ ಮನುಷ್ಯ. ಹೊಸ ಗೋರ್ಟ್ ಕಂಪ್ಯೂಟರಿನದ್ದು. ಅದು ಕೊನೆಗೆ ಹುಳುಗಳ ಹಿಂಡಾಗಿ ಲಾರಿ, ಸ್ಟೇಡಿಯಂ ಎಲ್ಲ ತಿನ್ನುತ್ತದೆ. ತಿನ್ನುವುದೇ ಜಾಸ್ತಿ, ಹೆದರಿಕೆ ಕಮ್ಮಿ. ನಮ್ಮ ಹುಳಿ ಕಾಚಂಪುಳಿ ಬಿಟ್ಟು ಟೊಮೆಟೊ ಹಾಕಿದ ಪಂದಿಕರಿ. ಬಣ್ಣ ಇದೆ, ಅಷ್ಟೇ.

ಒಂದು ಮಾತು ಒಪ್ಪಬೇಕು. ಎಷ್ಟೋ ವರ್ಷ ಮನುಷ್ಯರ ನಡುವೆ ಬದುಕಿ ಮುದುಕನಾದ, ಕ್ಲಾಟುವಿನ ಕಡೆಯವನೇ ಆದ ಒಬ್ಬ ಗೂಢಚಾರ ಹೊಸತರಲ್ಲಿ ಬರುತ್ತಾನೆ. ಈ ಜನ ಸುಧಾರಿಸುವುದಿಲ್ಲ, ಆದರೂ ನಾನು ಇಲ್ಲೇ ಸಾಯುತ್ತೇನೆ, ಇವರ ಮೇಲೆ ಪ್ರೀತಿ ಹುಟ್ಟಿದೆ ಎನ್ನುತ್ತಾನೆ. ಆ ದೃಶ್ಯ ಚಿನ್ನ. ಅದು ಬಂದಾಗ ಸಭಾಂಗಣದಲ್ಲಿ ಬೋಂಡಾ ಹಂಚುತ್ತಿದ್ದರು.

ಕೊನೆಯಲ್ಲಿ ಹೊಸ ಕ್ಲಾಟು ಭೂಮಿಯನ್ನು ಉಳಿಸಿ, ಅದರ ಬೆಲೆಯಾಗಿ ಎಲ್ಲ ಕಡೆಯ ಕರೆಂಟನ್ನೇ ನಿಲ್ಲಿಸಿ ಹೋಗುತ್ತಾನೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಮುಂದೇನು ಎಂದು ಹಾಲಿವುಡ್ಡಿನವರಿಗೆ ಗೊತ್ತಿಲ್ಲದಿದ್ದರೆ ಜುಲೈ ತಿಂಗಳಲ್ಲಿ ನಾಪೋಕ್ಲು ಕಡೆ ಬರಲಿ. ಅಕ್ಕಿ ರುಬ್ಬುವುದರಿಂದ ಹಿಡಿದು ಬಟ್ಟೆ ಒಣಗಿಸುವವರೆಗೆ ಎಲ್ಲ ಹೇಳಿಕೊಡುತ್ತೇವೆ.

ಹಳೆಯದರ ಸಂಗೀತ ಬರ್ನಾರ್ಡ್ ಹರ್ಮನ್ನರದ್ದು. ಕೈ ತಾಗಿಸದೆ ನುಡಿಸುವ ಥೆರೆಮಿನ್ ಎಂಬ ವಾದ್ಯ ಬಳಸಿದ್ದಾರೆ, ಕೂದಲು ನಿಮಿರುತ್ತದೆ. ವ್ಯವಸ್ಥಾಪಕರೊಬ್ಬರು ಸ್ಪೀಕರ್ ಕೆಟ್ಟು ಕೂಗುತ್ತಿದೆ ಎಂದುಕೊಂಡು ಸೌಂಡ್ ಇಳಿಸಿಬಿಟ್ಟರು. ಏನು ಹೇಳುವುದು?

ಇನ್ನು ಮುಖ್ಯ ಅತಿಥಿಗಳು. ‘ಹಳೆಯದು ಯುದ್ಧದ ಕಥೆ, ಹೊಸತು ಪರಿಸರದ ಕಥೆ, ಕೊಡಗಿಗೆ ಹೊಸತೇ ಬೇಕು’ ಎಂದರು. ನಿಮ್ಮ ಪತ್ರಿಕೆ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆ. ಹೇಳುವಾಗ ಅವರ ಹಿಂದೆ ಪ್ಲಾಸ್ಟಿಕ್ ಫ್ಲೆಕ್ಸ್, ಮುಂದೆ ಪ್ಲಾಸ್ಟಿಕ್ ನೀರಿನ ಬಾಟಲಿಗಳ ಸಾಲು. 2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟಗಳು ಕುಸಿದಾಗಲೂ ಇಂಥ ಸಾಹೇಬರುಗಳು ಬಂದು ಪರಿಸರದ ಪಾಠ ಮಾಡಿ ಹೋಗಿದ್ದರು. ಆಮೇಲೆ ಗುಡ್ಡ ಕೊರೆಯುವ ಜೆಸಿಬಿ ಯಾರ ಊರಲ್ಲಿ ನಿಂತಿದೆ, ಹೇಳಲಿ ನೋಡೋಣ. ನಮ್ಮ ಕಡೆಯಂತೂ ನಿಂತಿಲ್ಲ.

ನನ್ನ ಪಾಡು ಕೇಳಿ. ಚರ್ಚೆ ಈಗ, ಇನ್ನೊಂದು ಗಳಿಗೆ ಎಂದು ಕೂರಿಸಿ ಕೊನೆಯ ಬಸ್ ತಪ್ಪಿತು. ಆಟೋದವನು ಕೇಳಿದ ದುಡ್ಡಿಗೆ ಒಂದು ಮೂಟೆ ಗೊಬ್ಬರ ಬರುತ್ತಿತ್ತು. ಬಾಗಿಲ ಬಳಿ ಇಟ್ಟ ಕೊಡೆ ಯಾರೋ ಒಯ್ದಿದ್ದರು. ಮನೆ ಸೇರಿದಾಗ ಅಲ್ಲೂ ಕತ್ತಲೆ. ಹೆಂಡತಿ ‘ಸಿನಿಮಾ ಹೇಗಿತ್ತು?’ ಎಂದು ಕೇಳಿದಳು. ನಾನು ಕಾಲಿನ ಜಿಗಣೆ ಕೀಳುತ್ತಾ ಕೂತಿದ್ದೆ.

ಆದ್ದರಿಂದ ಸಂಬಂಧಪಟ್ಟವರು ಹಳೆಯ ಚಿತ್ರವನ್ನು ಇನ್ನೊಮ್ಮೆ ಪೂರ್ತಿ ತೋರಿಸಬೇಕು. ಆಗದಿದ್ದರೆ ಇಂಥ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಬಾರದು. ಆ ಮರವನ್ನೂ ಯಾರಾದರೂ ಕಡಿಯಬೇಕು. ನೀವು ವರದಿಗೆ ತಿದ್ದುಪಡಿ ಹಾಕಬೇಕು. ಇನ್ನು ಮುಖ್ಯ ಅತಿಥಿಗಳಿಗೆ ಒಂದು ವಿನಂತಿ: ಮುಂದಿನ ಸಲ ಭಾಷಣಕ್ಕೆ ಮೊದಲು ಸಿನಿಮಾ ನೋಡಿ ಬನ್ನಿ. ಎರಡನ್ನೂ.

ಒಬ್ಬ ಓದುಗ,
ನಾಪೋಕ್ಲು