ಆ ಸ್ಟೇಟಸ್ ಮೊದಲು ತೆಗಿ

ಚಿತ್ರದುರ್ಗ

ಚಿ. ಸೌ. ರೂಪಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನ ವಾಟ್ಸಾಪ್ ಸ್ಟೇಟಸ್ ಅನ್ನು ನಿಮ್ಮತ್ತೆ ತೋರಿಸಿದಳು. ಕಲಬುರಗಿಯ ಹೆಣ್ಣುಮಗಳೊಬ್ಬಳು ನೀನು ಆನ್‌ಲೈನಿನಲ್ಲಿ ಮಾರುವ ಮೊಳಕಾಲ್ಮೂರು ಸೀರೆಯನ್ನು ಕ್ಯಾಶ್ ಆನ್ ಡೆಲಿವರಿಯಲ್ಲಿ ಆರ್ಡರ್ ಮಾಡಿ, ಪಾರ್ಸೆಲ್ ಬಾಗಿಲಿಗೆ ಬಂದಾಗ ಬೇಡ ಅಂದಿದ್ದಾಳೆ. ನೀನು ಪಾರ್ಸೆಲ್ ಮೇಲಿನ ಚೀಟಿಯ ಫೋಟೋ ಹಾಕಿ, 'ಇಂಥವರಿಗೆ ಮಾನ ಹೋದರೇನೇ ಬುದ್ಧಿ ಬರೋದು, ಎಲ್ಲರೂ ಶೇರ್ ಮಾಡಿ' ಅಂತ ಬರೆದಿದ್ದೀಯ. ಹೆಸರು, ಮೊಬೈಲ್ ನಂಬರ್, ಮನೆ ನಂಬರ್, 'ಹನುಮಪ್ಪನ ಗುಡಿ ಹಿಂದೆ, ಮೇಲಿನ ಮಹಡಿ' ಅನ್ನುವ ಗುರುತು ಸಮೇತ ಎಲ್ಲಾ ಕಾಣುತ್ತೆ. ಮೊದಲು ಅದನ್ನು ತೆಗಿ. ಉಳಿದದ್ದನ್ನು ಆಮೇಲೆ ಓದು.

ನಿನ್ನ ಸಿಟ್ಟು ನನಗೆ ಅರ್ಥ ಆಗುತ್ತೆ. ಹೋಗಿಬರುವ ಕೊರಿಯರ್ ಖರ್ಚು ನಿನ್ನ ತಲೆಗೇ ಬಿತ್ತು. ಆದರೆ ಅವಳು ವಿಳಾಸ ಕೊಟ್ಟಿದ್ದು ಸೀರೆ ತಲುಪಲಿ ಅಂತ. ಊರಿಗೆಲ್ಲ ಹಂಚು ಅಂತಲ್ಲ. ರಾತ್ರಿ ಯಾರೋ ಗಂಡಸು ಆ ನಂಬರಿಗೆ ಫೋನ್ ಮಾಡಿ ಕೆಟ್ಟದಾಗಿ ಮಾತಾಡಿದರೆ? ಗುಡಿ ಹಿಂದಿನ ಮನೆ ಹುಡುಕಿಕೊಂಡು ಹೋದರೆ?

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಇದು ನೇರವಾಗಿಯೇ ಇದೆ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಕೊಡುವುದು ಅನುಚಿತ ವ್ಯಾಪಾರ ಪದ್ಧತಿ. ದುಡ್ಡೇ ಕೊಡದವಳು ಗ್ರಾಹಕಿ ಹೇಗಾಗ್ತಾಳೆ ಅಂತ ನೀನು ಕೇಳೇ ಕೇಳ್ತೀಯ. ಕೊಟ್ಟ ಹಣ ಅಂತ ಮಾತ್ರ ಅಲ್ಲ, ಕೊಡ್ತೀನಿ ಅಂತ ಒಪ್ಪಿದ ಹಣ ಅಂತಲೂ ಕಾಯ್ದೆಯಲ್ಲಿದೆ. ಇನ್ನೊಂದು ವಿಷಯ. ಹಳೇ ಕಾಯ್ದೆಯಲ್ಲಿ ಅವಳು ಸಾಮಾನ್ಯವಾಗಿ ನೀನಿರುವ ದಾವಣಗೆರೆಗೆ ಬಂದು ದೂರು ಕೊಡಬೇಕಾಗುತ್ತಿತ್ತು. ಈಗ ತನ್ನೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ಕೊಡಬಹುದು. ವಾಯಿದೆ ವಾಯಿದೆಗೂ ಕಲಬುರಗಿಗೆ ಓಡಾಡುವವಳು ನೀನು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಂ ಇನ್ನೂ ಖಾರ. ವ್ಯವಹಾರದ ಕರಾರಿನಲ್ಲಿ ಕೈಗೆ ಬಂದ ಮಾಹಿತಿಯನ್ನು, ಎದುರಿನವರಿಗೆ ನಷ್ಟ ಆಗಲಿ ಅಂತಲೋ, ಆಗಬಹುದು ಅಂತ ಗೊತ್ತಿದ್ದೋ ಒಪ್ಪಿಗೆ ಇಲ್ಲದೆ ಹೊರಗೆ ಬಿಟ್ಟರೆ 3 ವರ್ಷದವರೆಗೆ ಜೈಲು. ದಂಡದ ಮಿತಿ 5 ಲಕ್ಷ ಇದ್ದದ್ದನ್ನು 2023ರ ತಿದ್ದುಪಡಿಯಲ್ಲಿ 25 ಲಕ್ಷ ಮಾಡಿದ್ದಾರೆ. ಇಂಥ ಕೇಸಿನಲ್ಲಿ ಉದ್ದೇಶ ಸಾಬೀತು ಮಾಡೋದೇ ಕಷ್ಟ. ನೀನು 'ಮಾನ ಹೋದರೇನೇ' ಅಂತ ಬರೆದು ಅದನ್ನೂ ಸುಲಭ ಮಾಡಿಕೊಟ್ಟಿದ್ದೀಯ! ವಕೀಲರ ಗುಮಾಸ್ತನ ಸೋದರಸೊಸೆ ಮಾಡೋ ಕೆಲಸಾನಾ ಇದು?

'ನಿಜಾನೇ ತಾನೇ ಹಾಕಿದ್ದು' ಅನ್ನೋದು ಕ್ರಿಮಿನಲ್ ಮಾನನಷ್ಟದ ಕೇಸಿನಲ್ಲೂ ಪೂರ್ತಿ ಕಾಯಲ್ಲ. ನಿಜ ಆಗಿದ್ದರೆ ಸಾಲದು, ಅದನ್ನು ಹೇಳಿದ್ದರಿಂದ ಸಾರ್ವಜನಿಕರಿಗೆ ಒಳಿತಿದೆ ಅಂತಲೂ ತೋರಿಸಬೇಕು. ಒಂದು ಸೀರೆ ವಾಪಸ್ ಬಂದರೆ ಸಾರ್ವಜನಿಕರಿಗೇನು?

ಜನರ ವೈಯಕ್ತಿಕ ಮಾಹಿತಿಯನ್ನು ಕಾಯುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ವ್ಯಾಪಾರಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿ. ದಂಡ 250 ಕೋಟಿವರೆಗೆ ಅಂತ ಓದಿ ಗಾಬರಿ ಆಗಬೇಡ. ಅದು ಮೇಲಿನ ಮಿತಿ, ತಪ್ಪಿನ ತೂಕ ನೋಡಿ ಹಾಕ್ತಾರೆ. ಅಂದಹಾಗೆ, ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಸ್ಟೇಟಸ್ ತೆಗೆದ ಮೇಲೆ ಅವಳಿಗೆ ನೀನೇ ಮೆಸೇಜ್ ಮಾಡು. ಫೋಟೋ ಹಾಕಿದ್ದು ತಪ್ಪಾಯ್ತು, ತೆಗೆದಿದ್ದೀನಿ ಅಂತ ಎರಡೇ ಸಾಲು ಸಾಕು. ಸೀರೆ ವಿಷಯ ಎತ್ತಬೇಡ. ಯಾರ್‍ಯಾರು ಫಾರ್ವರ್ಡ್ ಮಾಡಿದ್ದಾರೋ ಅವರಿಗೂ ಅಳಿಸಲು ಹೇಳು. ಮಾರಾಟಗಾರರ ಗುಂಪಿನಲ್ಲಿ 'ಫೇಕ್ ಕಸ್ಟಮರ್' ಪಟ್ಟಿ ಓಡಾಡುತ್ತೆ ಅಂತ ಹೇಳಿದ್ದೆಯಲ್ಲ, ಅದಕ್ಕೆ ಕೈ ಹಾಕಬೇಡ.

ನಷ್ಟ ತಪ್ಪಿಸೋಕೆ ದಾರಿ ಬೇರೆ ಇದೆ. ದುಬಾರಿ ಸೀರೆಗೆ ಸ್ವಲ್ಪ ಅಡ್ವಾನ್ಸ್ ತಗೋ. ಎರಡು ಸಲ ವಾಪಸ್ ಕಳಿಸಿದವರಿಗೆ ಸುಮ್ನೆ ಕ್ಯಾಶ್ ಆನ್ ಡೆಲಿವರಿ ನಿಲ್ಲಿಸು.

ಹಬ್ಬದ ಆಫರ್ ಅಂತ ಗಿರಾಕಿಗಳನ್ನೆಲ್ಲ ಒಂದೇ ಗ್ರೂಪಿಗೆ ಹಾಕಿದ್ದೀಯಂತೆ. ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೋ, ಅದೂ ಒಪ್ಪಿದವರಿಗೆ ಮಾತ್ರ. ಒಡವೆ ಮಾರುವ ನಿನ್ನ ಗೆಳತಿ ಗಿರಾಕಿಗಳ ಪಟ್ಟಿ ಕೇಳಿದರೆ ಕೊಡಬೇಡ, ಎಷ್ಟೇ ಸ್ನೇಹ ಇರಲಿ. 'ಸ್ಟೇಷನ್ನಿಂದ ಮಾತಾಡ್ತಿದ್ದೀವಿ' ಅಂತ ಫೋನ್ ಮಾಡಿದವರಿಗೂ ಕೊಡಬೇಡ. ಪೊಲೀಸರು ಲಿಖಿತವಾಗಿ ಕೇಳಲಿ, ಆಗ ಕೊಡೋಣ. ವಾಪಸ್ ಬಂದ ಪಾರ್ಸೆಲ್ ಕವರನ್ನು ಚೀಟಿ ಹರಿಯದೆ ಕಸದ ಗಾಡಿಗೆ ಹಾಕಬೇಡ.

ಬುಧವಾರ ನನಗೆ ದಾವಣಗೆರೆಯಲ್ಲಿ ಕೆಲಸ ಇದೆ. ಮಧ್ಯಾಹ್ನ ಮನೆಗೆ ಬರ್ತೀನಿ. ಅಷ್ಟರಲ್ಲಿ ಅವಳಿಂದ ನೋಟಿಸ್ ಏನಾದರೂ ಬಂದರೆ ಒಬ್ಬಳೇ ಉತ್ತರ ಬರೆಯಬೇಡ, ನನಗೆ ಫೋನ್ ಮಾಡು.

ಇಂತಿ,
ನಿನ್ನ ಮಾವ