ಡಿಸ್ಟೆನ್ಸ್ ಡಿಗ್ರಿ ಓದೋ ಮಕ್ಕಳ ಬಗ್ಗೆ ವಿರಾಜಪೇಟೆ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಸೈಬರ್ ಅಂಗಡಿ ಇದೆ, ಝೆರಾಕ್ಸು, ಆನ್‌ಲೈನ್ ಅರ್ಜಿ, ಇಷ್ಟೇ ಕೆಲಸ. ಪಿಯುಸಿ ರಿಸಲ್ಟ್ ಬಂದ ಮೇಲೆ ಬಿರುನಾಣಿ, ಕುಟ್ಟ, ಬಾಳೆಲೆ, ತಿತಿಮತಿ ಕಡೆಯಿಂದ ಮಕ್ಕಳು ಬರ್ತಾರೆ. ಕಾಲೇಜಿಗೆ ಸೇರೋದೇನೋ ಸೇರ್ತಾರೆ ಸರ್, ಕೊನೆವರೆಗೂ ಉಳಿಯೋದೇ ಕಷ್ಟ. ಜುಲೈ ಮಳೆಗೆ ಡಿಸಿ ರಜೆ ಕೊಡ್ತಾರೆ, ರಜೆ ಇಲ್ಲದ ದಿನ ಮರ ಬಿದ್ದು ರೋಡ್ ಬಂದ್, ತೋಟದ ದಾರೀಲಿ ಆನೆ ನಿಂತಿದ್ರೆ ಬೆಳಗಿನ ಬಸ್ಸು ತಪ್ತು ಅಂತಾನೇ ಲೆಕ್ಕ (ಹೆಣ್ಮಕ್ಕಳಿಗೆ ಟಿಕೆಟ್ ಫ್ರೀ ಆಯ್ತು, ಸಂತೋಷ, ಆದ್ರೆ ಬಸ್ಸು ಬರಬೇಕಲ್ಲ), ಡಿಸೆಂಬರ್ ಆದ್ರೆ ಕಾಫಿ ಕುಯ್ಲು, ಆಗ ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳಿಗೆ ಕೂಲಿ ಬಿಟ್ಟು ಕ್ಲಾಸಿಗೆ ಹೋಗು ಅನ್ನೋಕೆ ನಮಗ್ಯಾರಿಗೂ ಬಾಯಿ ಬರಲ್ಲ. ಕೊನೆಗೆ ಅಟೆಂಡೆನ್ಸ್ ಶಾರ್ಟೇಜ್ ಅಂತ ಹಾಲ್ ಟಿಕೆಟ್ ಸಿಗಲ್ಲ, ಅಲ್ಲಿಗೆ ಓದು ಮುಗೀತು.

ಇಂಥವರಿಗೆ ಡಿಸ್ಟೆನ್ಸ್‌ನಲ್ಲಿ, ಅಂದ್ರೆ ದೂರಶಿಕ್ಷಣದಲ್ಲಿ ಬಿಎ, ಬಿಕಾಂ ಮಾಡು ಅಂದ್ರೆ ಮನೆಯವರ ಮುಖ ಸಣ್ಣಗಾಗುತ್ತೆ. ಅದು ಫೇಲಾದವರಿಗೆ ಅಂತ ಒಂದು ನಂಬಿಕೆ. ನಮ್ಮ ದೊಡ್ಡವರ ಕಾಲದಲ್ಲಿ ಈ ಕೀಳರಿಮೆ ಇಷ್ಟಿರಲಿಲ್ಲ ಅನ್ಸುತ್ತೆ, ಮೈಸೂರು ವಿವಿ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತ್ತು, 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿವಿ ಆಯ್ತು. ಹೆಸರು ಕೆಟ್ಟಿದ್ದು ನಡುವೆ ಯುಜಿಸಿ (ವಿವಿಗಳನ್ನ ನೋಡಿಕೊಳ್ಳೋ ಕೇಂದ್ರದ ಆಯೋಗ) ಮಾನ್ಯತೆ ಹೋದಾಗ. 2018ರಲ್ಲಿ ಮಾನ್ಯತೆ ವಾಪಸ್ ಬಂತು, ಜನರ ನಂಬಿಕೆ ಇನ್ನೂ ಪೂರ್ತಿ ಬಂದಿಲ್ಲ. ಮಾನ್ಯತೆ ಇರೋ ಸಂಸ್ಥೆಯ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ, ಸರ್ಕಾರಿ ಕೆಲಸಕ್ಕೂ ಎಂಎಗೂ ಅಡ್ಡಿ ಇಲ್ಲ. ಇದನ್ನ ನಾನು ಕೌಂಟರ್‌ನಲ್ಲಿ ಕೂತು ಹೇಳಿದ್ರೆ ಅರ್ಜಿ ಫೀಸಿಗೆ ಹೇಳ್ತಾನೆ ಅಂದ್ಕೋತಾರೆ, ನೀವು ಒಂದು ಗ್ರಾಮಸಭೇಲಿ ಹೇಳಿದ್ರೆ ಬೇರೆ ತೂಕ.

ಲಾಭ ಏನು ಅಂತ ಕೇಳಿದ್ರೆ ನಾನು ನೋಡ್ತಿರೋದು ಇಷ್ಟು. ಹೋಂಸ್ಟೇನಲ್ಲಿ, ಮೆಡಿಕಲ್ ಶಾಪಲ್ಲಿ ಕೆಲಸ ಮಾಡ್ಕೊಂಡು ಸಂಬಳದಲ್ಲೇ ಫೀಸ್ ಕಟ್ಟೋ ಹುಡುಗರಿದ್ದಾರೆ, ಪಿಜಿ ಬಾಡಿಗೆ ಇಲ್ಲ, ಮೆಸ್ ಬಿಲ್ ಇಲ್ಲ. ಮದುವೆಯಾಗಿ ಓದು ನಿಂತ ಹೆಣ್ಮಕ್ಕಳು ಮಗು ಮಲಗಿದ ಮೇಲೆ ಪುಸ್ತಕ ಹಿಡೀತಾರೆ. ಹೊರಗೆ ಹೋಗಬಲ್ಲವರು ಹೋಗ್ಲಿ, ಅದು ಬೇರೆ ಮಾತು, ಮನೇಲಿ ವಯಸ್ಸಾದವರನ್ನ ಬಿಟ್ಟು ಹೋಗೋಕಾಗದವರಿಗೆ ಈ ದಾರಿ ಇರೋದು ದೊಡ್ಡ ವಿಷಯ.

ಆದ್ರೆ ಎಲ್ಲಾ ಕೋರ್ಸಿಗೂ ಇದು ಆಗಲ್ಲ, ಇಲ್ಲೇ ಮೋಸ ನಡೆಯೋದು. ನರ್ಸಿಂಗ್, ಇಂಜಿನಿಯರಿಂಗ್, ಅಗ್ರಿ, ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿಗಳನ್ನ ದೂರಶಿಕ್ಷಣದಲ್ಲಿ ಕೊಡೋಕೆ ಯುಜಿಸಿ ಬಿಡಲ್ಲ. ಕೊಡಗಲ್ಲಿ ರೆಸಾರ್ಟ್ ಕೆಲಸಕ್ಕೆ ಡಿಮ್ಯಾಂಡ್ ಇದೆ ಅಂತ 'ಮನೇಲೇ ಕೂತು ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ' ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ ಅಂತ ಪಂಚಾಯಿತಿ ಬೋರ್ಡಲ್ಲಿ ಬರೆಸಿ ಹಾಕಿಸಿ.

ಇನ್ನು ನೆಟ್‌ವರ್ಕ್. ಈಗ ಅಡ್ಮಿಷನ್‌ಗೆ ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ನಂಬರ್) ಬೇಕು, ಅದಕ್ಕೆ ಮೊದಲು ಎಬಿಸಿ ಐಡಿ (ಓದಿನ ಕ್ರೆಡಿಟ್ ಲೆಕ್ಕ ಇಡೋ ಖಾತೆ), ಅದಕ್ಕೆ ಆಧಾರ್ ಓಟಿಪಿ. ಆಧಾರ್‌ಗೆ ಲಿಂಕ್ ಆಗಿರೋ ನಂಬರ್ ಅಪ್ಪಂದು, ಅಪ್ಪ ತೋಟದಲ್ಲಿ, ತೋಟದಲ್ಲಿ ಟವರ್ ಇಲ್ಲ. ಓಟಿಪಿ ಬರೋಷ್ಟರಲ್ಲಿ ಟೈಮ್ ಔಟ್. ಕರೆಂಟ್ ಹೋದ್ರೆ ಇರೋ ಟವರೂ ಮಲಗುತ್ತೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ನಿಮಗೆ ಹೊಸದಲ್ಲ. ಆನ್‌ಲೈನ್ ಪಾಠ, ವಿಡಿಯೋ ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಪಂಚಾಯಿತಿ ಲೈಬ್ರರಿಗಳನ್ನ ಅರಿವು ಕೇಂದ್ರ ಅಂತ ಮಾಡಿದ್ದೀರಿ, ಅಲ್ಲಿ ಒಳ್ಳೆ ವೈಫೈ, ಒಂದು ಯುಪಿಎಸ್, ಸಂಜೆ ಏಳರವರೆಗೆ ಬಾಗಿಲು ತೆಗೆದಿರೋ ಒಬ್ಬರು, ಇಷ್ಟಿದ್ರೆ ಮಕ್ಕಳು ವಾರಕ್ಕೊಂದ್ಸಲ ಬಂದು ಪಾಠ ಡೌನ್‌ಲೋಡ್ ಮಾಡ್ಕೊಂಡು ಹೋಗ್ತಾರೆ. ನೀವು ಮನಸ್ಸು ಮಾಡಿದ್ರೆ ಆಗದ ಕೆಲಸ ಏನಲ್ಲ.

ಪರೀಕ್ಷಾ ಕೇಂದ್ರ ಮತ್ತೆ ಭಾನುವಾರದ ಸಂಪರ್ಕ ತರಗತಿ ಪೊನ್ನಂಪೇಟೆ ತಾಲೂಕಲ್ಲೂ ಖಾಯಂ ಇರಲಿ, ಸರ್ಕಾರಿ ಕಾಲೇಜು ಕಟ್ಟಡ ಭಾನುವಾರ ಖಾಲಿನೇ ಇರುತ್ತೆ. ಜೋರು ಮಳೆ ತಿಂಗಳಲ್ಲಿ ನಮ್ಮ ಜಿಲ್ಲೆಗೆ ಪರೀಕ್ಷೆ ಬೇಡ ಅಂತ ಮುಕ್ತ ವಿವಿಗೆ ನಿಮ್ಮ ಲೆಟರ್‌ಹೆಡ್‌ನಲ್ಲೇ ಬರೀರಿ, ರೋಡ್ ಬಂದ್ ಆಗಿ ಪೇಪರ್ ತಪ್ಪಿದವರಿಗೆ ಇನ್ನೊಂದು ಅವಕಾಶನೂ ಕೇಳಿ.

ಜನವರಿ ಅಡ್ಮಿಷನ್ ಶುರುವಾಗೋದ್ರೊಳಗೆ ವಿವಿಯವರನ್ನ, ಪಿಡಿಒಗಳನ್ನ ಕರೆಸಿ ಒಂದು ಸಭೆ ಮಾಡಿ ಸರ್. ಸಭೆ ಗೋಣಿಕೊಪ್ಪದಲ್ಲೇ ಇಡಿ, ಮಡಿಕೇರೀಲಿ ಇಟ್ರೆ ಬಿರುನಾಣಿ ಮಕ್ಕಳು ಕತ್ತಲಾಗೋ ಮುಂಚೆ ಮನೆ ಸೇರಲ್ಲ.

ಇಂತಿ,
ಗೋಣಿಕೊಪ್ಪದ ಒಬ್ಬ ಮತದಾರ