ಖರ್ಚಾಯಿತು ಅಂದರೆ ಸಾಕೇ? ಯಾರಿಗೆ ತಲುಪಿತು ಅಂತ ಸದನ ಕೇಳಲಿ

ಸಂಪಾದಕರಿಗೆ,

ಮಾನ್ಯರೆ,

ಗಿರಿಜನರಿಗೆ ಇಷ್ಟು ಕೋಟಿ, ಅರಣ್ಯಕ್ಕೆ ಇಷ್ಟು ಕೋಟಿ ಎಂಬ ತಲೆಬರಹ ಪ್ರತಿ ಬಜೆಟ್ ಮರುದಿನ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಅದರಲ್ಲಿ ಎಷ್ಟು ಹಣ ಗಿರಿಜನರು ವಾಸಿಸುವ ಹಾಡಿಗಳಿಗೆ ಮುಟ್ಟಿತು ಎಂಬ ತಲೆಬರಹವನ್ನು ನಾನಂತೂ ನೋಡಿದ ನೆನಪಿಲ್ಲ. ತಪ್ಪು ನಿಮ್ಮದಲ್ಲ. ಆ ಲೆಕ್ಕವನ್ನು ಕೇಳಬೇಕಾದ ಸದನವೇ ಗಟ್ಟಿಯಾಗಿ ಕೇಳುವುದಿಲ್ಲ.

ನಾನು ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮಗೆ ಮಾರ್ಚ್ 31 ಅಂದರೆ ಜಾತ್ರೆ. ಸಂಜೆಯಾದರೂ ಬಿಲ್ಲಿನ ಕಟ್ಟುಗಳು ಬರುತ್ತಲೇ ಇರುತ್ತಿದ್ದವು. ಹಣ ಖರ್ಚಾಗದೆ ಉಳಿದು ಲ್ಯಾಪ್ಸ್ ಆಗಬಾರದು, ಅದೊಂದೇ ಚಿಂತೆ. ಒಂದು ವರ್ಷ ಕಾಡಂಚಿನ ಹಾಡಿಯೊಂದಕ್ಕೆ ಕುಡಿಯುವ ನೀರಿನ ಕೆಲಸಕ್ಕೆಂದು ಹಣ ಡ್ರಾ ಆಯಿತು. ಕೆಲಸ ಮಾಡಿಸುವ ಸಂಸ್ಥೆಯ ಬ್ಯಾಂಕ್ ಖಾತೆಗೆ ನೇರವಾಗಿ ಹೋಯಿತು. ನಮ್ಮ ಪುಸ್ತಕದಲ್ಲಿ ನೂರಕ್ಕೆ ನೂರು ಖರ್ಚು. ಬಳಕೆ ಪ್ರಮಾಣಪತ್ರವೂ ಬಂತು, ಸೀಲು, ಸಹಿ ಎಲ್ಲ ಸರಿಯಾಗಿತ್ತು. ಮುಂದಿನ ಬೇಸಿಗೆಯಲ್ಲಿ ಆ ಹಾಡಿಯ ಇಬ್ಬರು ನಮ್ಮ ಕಚೇರಿಗೇ ಬಂದು, ‘ಸಾರ್, ನಮ್ಮ ಬೋರಿನ ದುಡ್ಡು ಇಲ್ಲಿಗೆ ಬಂದಿದೆಯಂತಲ್ಲ?’ ಎಂದು ಕೇಳಿದರು. ದುಡ್ಡು ಹೋಗಿ ವರ್ಷವಾಗಿದೆ ಎಂದು ಅವರಿಗೆ ಹೇಗೆ ಹೇಳುವುದು? ಕಳ್ಳತನ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ದುಡ್ಡು ಸುಮ್ನೆ ಇನ್ನೊಂದು ಖಾತೆಯಲ್ಲಿ ಕೂತಿತ್ತು. ಆದರೆ ಬೆಂಗಳೂರಿನಲ್ಲಿ ಸದನದ ಮುಂದೆ ಹೋಗುವ ಅಂಕಿಯಲ್ಲಿ ಆ ಬೋರಿನ ಹಣ ಖರ್ಚಾಗಿತ್ತು.

ಈ ‘ಖರ್ಚಾಯಿತು’ ಎಂಬ ಮಾತಿಗೆ ಕಾನೂನಿನಲ್ಲೇ ಒಂದು ಕಿಂಡಿ ಇತ್ತು. ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾಯ್ದೆ ಬಂದದ್ದು 2013ರಲ್ಲಿ. ಅಭಿವೃದ್ಧಿ ಹಣದಲ್ಲಿ ಜನಸಂಖ್ಯೆಗೆ ತಕ್ಕಂತೆ ಶೇ 24.1ರಷ್ಟನ್ನು ಪರಿಶಿಷ್ಟರಿಗೆ ತೆಗೆದಿಡಬೇಕು. ಅದರಲ್ಲಿ ಪರಿಶಿಷ್ಟ ಪಂಗಡದ ಪಾಲು ಶೇ 6.95. ಒಳ್ಳೆಯ ಕಾನೂನು. ಆದರೆ ಅದರ ಸೆಕ್ಷನ್ 7ಡಿ ಏನು ಮಾಡಿತು? ಎಲ್ಲರಿಗೂ ಅಂತ ಒಂದು ರಸ್ತೆ ಹಾಕಿದರೆ, ಅದರ ಮೇಲೆ ಪರಿಶಿಷ್ಟರೂ ಓಡಾಡುತ್ತಾರಲ್ಲ, ಹಾಗಾಗಿ ಒಂದು ಪಾಲನ್ನು ಅವರ ಲೆಕ್ಕಕ್ಕೇ ಬರೆದುಕೊಳ್ಳಿ ಎಂದಿತು. ದಲಿತ, ಆದಿವಾಸಿ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಸದನ ಅದನ್ನು ಕಿತ್ತುಹಾಕಿತು. ಮೆಚ್ಚಬೇಕಾದದ್ದೇ. ಆದರೆ ಕಿಂಡಿ ಮುಚ್ಚಲು ಹತ್ತು ವರ್ಷ ಬೇಕಾಯಿತು, ಅಲ್ವಾ?

ಅದೇ 2023–24ರಲ್ಲಿ ಈ ಉಪಯೋಜನೆಗಳ 34 ಸಾವಿರ ಕೋಟಿ ರೂಪಾಯಿಯಲ್ಲಿ 11 ಸಾವಿರ ಕೋಟಿಯನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಲಾಯಿತು. ಗ್ಯಾರಂಟಿ ಪಡೆಯುವವರಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬುದು ಸರ್ಕಾರದ ಉತ್ತರ. ಮಾತು ಸುಳ್ಳಲ್ಲ, ಹಾಡಿಯ ಹೆಂಗಸಿಗೂ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ. ಆದರೆ ಅದು ಎಲ್ಲ ಜಾತಿಯ ಮನೆಗಳಿಗೂ ಬರುವ ಹಣ. ಅವರಿಗೆ ಜಾಸ್ತಿ ಸಿಗಲಿ ಎಂದು ಮಾಡಿದ ಕಾನೂನಿನಲ್ಲಿ, ಎಲ್ಲರಿಗೂ ಸಿಗುವುದನ್ನೇ ತೂಗಿ ಕೊಟ್ಟರೆ ಜಾಸ್ತಿ ಎಲ್ಲಿ ಬಂತು?

ಪರಿಶಿಷ್ಟ ಪಂಗಡದವರ ಅಭಿವೃದ್ಧಿಗೆಂದೇ ಇರುವ ವಾಲ್ಮೀಕಿ ನಿಗಮದ ವಿಷಯ ಎಲ್ಲರಿಗೂ ಗೊತ್ತಿದೆ, ಉದ್ದ ಬರೆಯುವುದಿಲ್ಲ. 2024ರಲ್ಲಿ ಸುಮಾರು 89 ಕೋಟಿ ರೂಪಾಯಿ ಯಾರ್ಯಾರದೋ ಖಾತೆಗಳಿಗೆ ಹೋಯಿತು. ಆ ಇಲಾಖೆಯ ಸಚಿವರು ರಾಜೀನಾಮೆ ಕೊಟ್ಟರು, ಸದನದಲ್ಲಿ ದೊಡ್ಡ ಗದ್ದಲವಾಯಿತು. ನನ್ನನ್ನು ಕಾಡುವುದು ಬೇರೆ. ಅದು ಹೊರಗೆ ಬಂದದ್ದು ಸರ್ಕಾರದ ಖರ್ಚು ನೋಡುವ ಶಾಸಕರ ಲೆಕ್ಕಪತ್ರ ಸಮಿತಿಯಿಂದ ಅಲ್ಲ, ಆಡಿಟ್‌ನಿಂದಲೂ ಅಲ್ಲ. ನಿಗಮದ ಲೆಕ್ಕ ನೋಡುತ್ತಿದ್ದ ನೌಕರರೊಬ್ಬರು ಪತ್ರ ಬರೆದಿಟ್ಟು ಜೀವ ಬಿಟ್ಟರು, ಆಗ.

ಅರಣ್ಯದ ಕಡೆಯೂ ಕಥೆ ಇಂಥದ್ದೇ. ಗಣಿಗೆ, ಅಣೆಕಟ್ಟಿಗೆ ಕಾಡು ಕಡಿದವರು ಕಟ್ಟುವ ದುಡ್ಡೇ ಕ್ಯಾಂಪಾ ನಿಧಿ. ಕಡಿದ ಕಾಡಿನ ಬದಲು ಕಾಡು ಬೆಳೆಸಲಿಕ್ಕೆ. 2019ರಲ್ಲಿ ಕೇಂದ್ರ ಅದರಿಂದ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ರಾಜ್ಯಗಳಿಗೆ ಕೊಟ್ಟಿತು. ಕರ್ನಾಟಕಕ್ಕೆ 1,350 ಕೋಟಿ ಬಂತು. ಉತ್ತರಾಖಂಡದಲ್ಲಿ ಇದೇ ನಿಧಿಯಲ್ಲಿ ಐಫೋನ್, ಲ್ಯಾಪ್‌ಟಾಪ್, ಫ್ರಿಜ್ ಕೊಂಡಿದ್ದರು ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಬರೆಯಿತು. ಖರ್ಚು 2019ರಿಂದ 2022ರ ನಡುವಿನದು, ವರದಿ ಅಲ್ಲಿನ ವಿಧಾನಸಭೆಗೆ ಬಂದದ್ದು 2025ರಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆಡಿಟ್ ಬೇಡ ಅನ್ನುತ್ತಿಲ್ಲ, ಆಡಿಟ್ ಇಲ್ಲದಿದ್ದರೆ ಇಷ್ಟೂ ತಿಳಿಯುತ್ತಿರಲಿಲ್ಲ. ಆದರೆ ಆಡಿಟ್ ನೋಡುವುದು ಆಗಿಹೋದದ್ದನ್ನು. ನಡೆಯುತ್ತಿರುವಾಗಲೇ ಕೇಳುವ ಅಧಿಕಾರ ಶಾಸಕರಿಗಿದೆ.

ನಮ್ಮ ಹುಣಸೂರು, ಎಚ್.ಡಿ. ಕೋಟೆ ಕಡೆ ಈ ಎರಡೂ ದುಡ್ಡು ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಕಾಡಿನ ಲೆಕ್ಕ ಅರಣ್ಯ ಇಲಾಖೆಯಲ್ಲಿ, ಆ ಕಾಡಿನಿಂದ ಎದ್ದು ಬಂದ ಜೇನುಕುರುಬರ ಲೆಕ್ಕ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯಲ್ಲಿ. ನಾಗರಹೊಳೆಯಿಂದ ಹೊರಬಂದ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕು ಎಂದು ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲೇ ಹೇಳಿತ್ತು. ಆಮೇಲೆ ಎಷ್ಟು ಬಜೆಟ್ ಬಂದು ಹೋದವು! ಲೆಕ್ಕಪತ್ರ ಸಮಿತಿ ಒಂದು ಕಡತ ನೋಡುತ್ತದೆ, ಪರಿಶಿಷ್ಟರ ಕಲ್ಯಾಣ ಸಮಿತಿ ಇನ್ನೊಂದು ಕಡತ ನೋಡುತ್ತದೆ. ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ, ಈ ಒಂದು ತಾಲ್ಲೂಕಿಗೆ ಬಂದದ್ದೆಷ್ಟು, ಇನ್ನೂ ಖಾತೆಯಲ್ಲಿ ಕೂತಿರುವುದೆಷ್ಟು ಎಂದು ಕೇಳುವವರು ಬೇಕು.

ಸಮಯ ಇಲ್ಲ ಅನ್ನಬಹುದು. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಸಬೇಕೆಂದು 2005ರಲ್ಲಿ ಕಾನೂನು ಮಾಡಿಕೊಂಡವರು ಅವರೇ. ಅದನ್ನು ಪಾಲಿಸಿದ ವರ್ಷವನ್ನು ದುರ್ಬೀನು ಹಾಕಿ ಹುಡುಕಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಬಜೆಟ್‌ಗೆ ಮುಂಚೆ, ಡಿಸೆಂಬರ್‌ನಲ್ಲೋ ಜನವರಿಯಲ್ಲೋ, ಈ ಎರಡು ಸಮಿತಿಗಳು ಸೇರಿ ಒಮ್ಮೆ ಹಾಡಿಯಲ್ಲಿ ಸಭೆ ಮಾಡಲಿ. ಸರ್ಕಾರಿ ಪ್ರವಾಸಿ ಮಂದಿರ, ಅಂದರೆ ಐಬಿಯಲ್ಲಿ ಬೇಡ. ಐಬಿಯಲ್ಲಿ ಊಟ ಚೆನ್ನಾಗಿರುತ್ತದೆ, ಊಟ ಹಾಕಿಸುವವರೇ ಲೆಕ್ಕ ಕೊಡಬೇಕಾದವರು. ಬಳಕೆ ಪ್ರಮಾಣಪತ್ರ ನೋಡಿ ತಲೆಯಾಡಿಸದೆ, ಸಂಸ್ಥೆಗಳ ಬ್ಯಾಂಕ್ ಪಾಸ್‌ಪುಸ್ತಕ ತರಿಸಿ ನೋಡಲಿ. ಮಾರ್ಚ್ 31ರಂದು ಒಳಗೆ ಬಂದ ಹಣ ಯಾವ ತಾರೀಖು ಹೊರಗೆ ಹೋಯಿತು, ಅಷ್ಟು ಸಾಕು. ನಮ್ಮ ಕಡೆ ಬಂದರೆ ಯಾವ ಸಾಲಿನ ಮೇಲೆ ಬೆರಳಿಡಬೇಕು ಅಂತ ತೋರಿಸಲು ನಾನೂ ಬರುತ್ತೇನೆ, ಬಸ್ ಚಾರ್ಜು ನನ್ನದೇ.

ಇಂತಿ,
ನಿವೃತ್ತ ಖಜಾನೆ ನೌಕರ,
ಹುಣಸೂರು